ಸೆಲ್ಫ್ ಕ್ಯೂರಿಂಗ್ ಸ್ಲ್ಯಾಬಿಗೆ ಹಾರುಬೂದಿ ಹಾಕಬೇಕೋ ಬ್ಯಾಡೋ? ಜೇವರ್ಗಿ ಕಡಿ ಕೆಲಸ, ನೀರಿನ ಅಡಚಣಿ ಭಾಳ ಅದ

ಪ್ರಶ್ನೆ: ಜೇವರ್ಗಿ ಗುತ್ತಿಗೆದಾರ

ಎಲ್ಲರಿಗೂ ಶರಣು.

ನಾನು ಜೇವರ್ಗಿ ತಾಲ್ಲೂಕಿನಾಗ ಮನಿ ಕಟ್ಟಿಸಿಕೊಡೋ ಸಣ್ಣ ಗುತ್ತಿಗೆದಾರ. ಈಗ ಕೈಯಾಗಿರೋದು 1000 ಚದರಡಿ ಮನಿ. ಗ್ವಾಡಿ ಮುಗದಾವ, ಸೆಂಟ್ರಿಂಗ್ ಹೊಡದಾಗ್ಯಾದ, ಕಬ್ಬಿಣ ಕಟ್ಟೋದು ನಡದದ. ಸ್ಲ್ಯಾಬ್ 5 ಇಂಚು ದಪ್ಪ, ಕಾಂಕ್ರೀಟು ಎಂ20 ದರ್ಜಿದು. ಏಪ್ರಿಲ್ ಕೊನಿಗೆ ಹಾಕಬೇಕು, ಮುಂದಕ್ಕ ಹಾಕಂಗಿಲ್ಲ, ಮಾಲೀಕರ ಮನ್ಯಾಗ ಲಗ್ನ ಅದ.

ತೊಂದ್ರಿ ನೀರಿಂದು. ಬೋರ್ ಬತ್ತ್ಯಾದ. ಟ್ಯಾಂಕರ್ ತರಸಬೇಕು, ಅದೂ ಕುಡಿಯೋ ನೀರಿನ ಸರದಿ ಮುಗದ ಮ್ಯಾಲ ನಮ್ಮ ಸರದಿ. ಕ್ಯೂರಿಂಗಿಗೆ, ಅಂದ್ರ ಕಾಂಕ್ರೀಟು ಒಣಗದಂಗ ಹಸಿ ಇಡಲಿಕ್ಕೆ, ಬದು ಕಟ್ಟಿ ಎರಡು ವಾರ ನೀರು ನಿಲ್ಲಸ್ತೀನಿ ಅಂದ್ರ ಊರಾಗ ಜನ ಸುಮ್ಮನಿರಂಗಿಲ್ಲ, ಮತ್ತ ಅವರು ಬೈದ್ರೂ ತಪ್ಪಿಲ್ಲ.

ಹಿಂಗಿರಬೇಕಾದ್ರ ಒಬ್ಬ ವ್ಯಾಪಾರಿ ಬಂದು, ಒಂದು ಎಣ್ಣಿಯಂಥ ದ್ರವ ಅದ, ನೀರಾಗ ಕಲಸಿ ಹಾಕಿದ್ರ ಕಾಂಕ್ರೀಟು ತಾನೇ ಕ್ಯೂರಿಂಗ್ ಮಾಡಿಕೊಂತದ, ಮ್ಯಾಲ ಒಂದು ಹನಿ ನೀರು ಹೊಡಿಯೋದು ಬ್ಯಾಡ ಅಂದ. ನಮ್ಮ ಅಕ್ಕನ ಮಗ ಸಿವಿಲ್ ಓದ್ತಾನ. ಅವ ಹೇಳೋದು, ಅದರ ಜೋಡಿ ಶಕ್ತಿನಗರದ ಉಷ್ಣ ಸ್ಥಾವರದಾಗ ಕಲ್ಲಿದ್ದಲು ಸುಟ್ಟು ಬರೋ ಹಾರುಬೂದಿ ಹಾಕಿದ್ರ ಇನ್ನೂ ಛಲೋ ಆಗ್ತದ, ಸಿಮೆಂಟೂ ಉಳೀತದ, ಕಾರ್ಖಾನಿ ತ್ಯಾಜ್ಯಕ್ಕೂ ದಾರಿ ಆಗ್ತದ ಅಂತ. ಇಟ್ಟಂಗಿ ಮಾಡೋರ ಹತ್ರ ಬೂದಿ ಸಿಗ್ತದ. ಸಿಮೆಂಟು ನಾವು ಯಾವಾಗ್ಲೂ ತರೋದು ಪಿಪಿಸಿ ಜಾತಿದು.

ಕೇಳೋದು ಇಷ್ಟೇ. ಬೂದಿ ಹಾಕಿದ್ರ ನೀರು ಉಳೀತದೇನು? ಆ ದ್ರವ ನಂಬಬಹುದೇನು? ತಿಳದೋರು ಬಿಡಿಸಿ ಹೇಳ್ರಿ.

ಉತ್ತರ: ಕ್ಯೂಬ್ ಲ್ಯಾಬ್, ಕಲಬುರಗಿ

ಶರಣು ತಮ್ಮಾ. ನೀವು ಹಾಕೋ ಮೊದಲು ಕೇಳಿದ್ರಿ, ಅದು ದೊಡ್ಡ ಮಾತು. ನಮ್ಮ ಲ್ಯಾಬಿಗೆ ಬರೋರು ಹೆಚ್ಚಿನವರು ಸ್ಲ್ಯಾಬ್ ಸೋರಲಿಕ್ಕೆ ಹತ್ತಿದ ಮ್ಯಾಲೇ ಬರ್ತಾರ.

ನೇರ ಉತ್ತರ ಮೊದಲು ಹೇಳ್ತೀನಿ. ಬೂದಿ ಹಾಕಿದ್ರ ಕ್ಯೂರಿಂಗ್ ನೀರು ಉಳಿಯಂಗಿಲ್ಲ. ಬೂದಿ ಇರೋ ಕಾಂಕ್ರೀಟು ಇನ್ನೂ ಹೆಚ್ಚು ದಿನ ಹಸಿ ಇರಬೇಕು. ನಿಮ್ಮ ಅಳಿಯ ಓದಿದ್ದು ಸುಳ್ಳಲ್ಲ, ಆದರ ಅದು ಬ್ಯಾರೆ ಜಾತಿ ಕಾಂಕ್ರೀಟಿಗೆ ಹೊಂದೋ ಮಾತು. ಎರಡೂ ಕೂಡಿ ಹೋಗ್ಯಾವ, ಅದಕ್ಕ ಬಿಡಿಸಿ ಬರೀತೀನಿ.

ಸಿಮೆಂಟು ನೀರಿನ ಜೋಡಿ ಕೂಡಿದಾಗ ಗಟ್ಟಿ ಅಂಟು ಆಗ್ತದ, ಅದರ ಜೋಡಿ ಸುಣ್ಣನೂ ಹೊರಗ ಬೀಳ್ತದ. ಹಾರುಬೂದಿ ತಾನಾಗಿ ಏನೂ ಮಾಡಂಗಿಲ್ಲ. ಆ ಸುಣ್ಣ ಸಿಕ್ಕ ಮ್ಯಾಲೇ ಅದರ ಕೆಲಸ ಶುರು, ಅದೂ ನಿಧಾನ. ಮೊದಲ ವಾರದಾಗ ಬೂದಿಯಿಂದ ಬರೋ ಬಲ ಬಾಳ ಕಡಿಮಿ. ಖರೇ ಲಾಭ ಕಾಣೋದು ತಿಂಗಳು ದಾಟಿದ ಮ್ಯಾಲ. ಆ ತನಕ ಒಳಗ ಹಸಿ ಇರಬೇಕು. ಕಾಂಕ್ರೀಟಿನ ಒಳಗಿನ ತೇವ ಶೇಕಡಾ 80ಕ್ಕಿಂತ ಕೆಳಗ ಇಳೀತು ಅಂದ್ರ ಈ ಕ್ರಿಯೆ ಹೆಚ್ಚು ಕಡಿಮಿ ನಿಂತೇ ಹೋಗ್ತದ. ಬೂದಿ ಉಳೀತದ, ಆದರ ಬರೀ ಪುಡಿಯಾಗಿ ಉಳೀತದ.

ಅದಕ್ಕೇ ಕಾಂಕ್ರೀಟಿನ ಭಾರತೀಯ ಕೋಡು ಐಎಸ್ 456:2000 ಹಿಂಗ ಹೇಳ್ತದ: ಬೂದಿ ಕೂಡದ ಸಾದಾ ಓಪಿಸಿ ಸಿಮೆಂಟಿಗೆ ಕಡಿಮಿ ಅಂದ್ರ 7 ದಿನ ಕ್ಯೂರಿಂಗ್, ಬೂದಿ ಅಥವಾ ಸ್ಲ್ಯಾಗ್ (ಕಬ್ಬಿಣ ಕಾರ್ಖಾನಿ ಕಿಟ್ಟ) ಕೂಡಿದ ಸಿಮೆಂಟಿಗೆ 10 ದಿನ. ಒಣ ಬಿಸಿಲಿನ ಹವಾಕ್ಕ ಓಪಿಸಿಗೂ 10. ಬೂದಿ ಇದ್ದು ಬಿಸಿಲೂ ಇದ್ರ 14ರ ತನಕ ಎಳೀರಿ ಅಂತ ಸಲಹಾ ಅದ. ನಿಮಗ ಎರಡೂ ಇದಾವ.

ಇನ್ನೊಂದು, ನಿಮ್ಮ ಪಿಪಿಸಿ ಚೀಲದಾಗ ಬೂದಿ ಈಗಾಗ್ಲೇ ಅದ. ಪಿಪಿಸಿಗೆ ಇರೋ ಮಾನಕ ಐಎಸ್ 1489 ಪ್ರಕಾರ ಶೇಕಡಾ 15ರಿಂದ 35ರ ತನಕ ಹಾಕಬಹುದು. ಚೀಲದಾಗ 30 ಅದ ಅಂತ ಹಿಡೀರಿ. ಅದರ ಮ್ಯಾಲ ನೀವು ಸಿಮೆಂಟಿನ ಐದನೇ ಒಂದು ಪಾಲು ತಗದು ಬೂದಿ ಹಾಕಿದ್ರಿ ಅಂದ್ರ ಒಟ್ಟು ಬೂದಿ 44ಕ್ಕ ಹೋಗ್ತದ. ಕಾರ್ಖಾನ್ಯಾಗ ಅರದು, ಅಳದು, ಪರೀಕ್ಷಾ ಮಾಡಿ ಕೂಡಿಸೋದು ಬ್ಯಾರೆ. ಇಟ್ಟಂಗಿ ಭಟ್ಟಿ ಹತ್ರ ರಾಶಿ ಬಿದ್ದ ಬೂದಿ ಪುಟ್ಟಿಲೆ ಹಾಕೋದು ಬ್ಯಾರೆ. ಕಾಂಕ್ರೀಟಿಗೆ ಹೋಗೋ ಬೂದಿಗೆ ಐಎಸ್ 3812 ಅದ: ನುಣುಪು ಇಷ್ಟಿರಬೇಕು, ಸುಡದ ಕಲ್ಲಿದ್ದಲು ಶೇಕಡಾ 5ಕ್ಕಿಂತ ಹೆಚ್ಚಿರಬಾರದು, ಹಿಂಗ. ಇಟ್ಟಂಗಿ ಬೂದಿಗೆ ಅದನ್ನ ಯಾರೂ ನೋಡಿರಂಗಿಲ್ಲ. ಪಿಪಿಸಿ ಮ್ಯಾಲ ಸೈಟಿನಾಗ ಬೂದಿ ಹಾಕಬ್ಯಾಡ್ರಿ. ಇದರಾಗ ನಾನು ಹಿಂದ ಮುಂದ ನೋಡಂಗಿಲ್ಲ.

ಈಗ ನಿಮ್ಮ ಸ್ಲ್ಯಾಬಿನ ನೀರಿನ ಲೆಕ್ಕ. ಈ ಲೆಕ್ಕ ಸೈಟಿನಾಗ ಯಾರೂ ಮಾಡಂಗಿಲ್ಲ, ಆದರ ಇಡೀ ಪ್ರಶ್ನಾ ಇದರಾಗೇ ಅದ.

50 ಕಿಲೋ ಸಿಮೆಂಟು ಪೂರಾ ಕೂಡಲಿಕ್ಕೆ ಸುಮಾರು 21 ಲೀಟರ್ ನೀರು ಸಾಕು. ನೀರು-ಸಿಮೆಂಟ್ ಪ್ರಮಾಣ 0.42 ಅಂತ ಹೇಳೋದು ಇದೇ, ಅಂದ್ರ ಒಂದು ಕಿಲೋ ಸಿಮೆಂಟಿಗೆ 0.42 ಕಿಲೋ ನೀರು. ಎಂ20 ಕಾಂಕ್ರೀಟಿಗೆ ನೀವು 0.5 ಇಟ್ಟರೂ ಚೀಲಕ್ಕ 25 ಲೀಟರ್ ಹಾಕ್ತೀರಿ. ಅಂದ್ರ ಚೀಲಕ್ಕ 4 ಲೀಟರ್ ಮೊದಲೇ ಹೆಚ್ಚದ. 1000 ಚದರಡಿ ಅಂದ್ರ 93 ಚದರ ಮೀಟರ್, 5 ಇಂಚು ಅಂದ್ರ ಹೆಚ್ಚು ಕಡಿಮಿ 12 ಘನ ಮೀಟರ್, 75 ಚೀಲ. ಒಟ್ಟು 300 ಲೀಟರ್ ಹೆಚ್ಚಿನ ನೀರು ಸ್ಲ್ಯಾಬಿನ ಒಳಗ ಅದ. ನಿಮಗ ಬೇಕಾದ ನೀರು ಒಳಗೇ ಕುಂತದ. ಅದು ಹೊರಗ ಹೋಗದಂಗ ನೋಡಿಕೊಂಡ್ರ ಸಾಕು.

ಹೆಂಗ ಹೋಗ್ತದ? ಬಿಸಿಲು, ಗಾಳಿ, ಒಣ ಹವಾ ಕೂಡಿದಾಗ ಹಸಿ ಕಾಂಕ್ರೀಟಿನ ಮ್ಯಾಲಿಂದ ತಾಸಿಗೆ ಚದರ ಮೀಟರಿಗೆ 1 ಕಿಲೋ ನೀರು ಹಾರಿದ್ರ ಬಿರುಕಿನ ಅಪಾಯ ಅಂತ ಎಂಜಿನಿಯರುಗಳು ಗೆರಿ ಹಾಕ್ಯಾರ. ಕಲಬುರಗಿ ಏಪ್ರಿಲ್ ಮಧ್ಯಾಹ್ನದಾಗ ಆ ಗೆರಿ ದಾಟೋದು ಕಷ್ಟಿಲ್ಲ. ಆ ವೇಗಕ್ಕ ನಿಮ್ಮ ಸ್ಲ್ಯಾಬಿಂದ ತಾಸಿಗೆ 93 ಲೀಟರ್ ಹೋಗ್ತದ. 300 ಲೀಟರ್ ಎಷ್ಟು ಹೊತ್ತು ಉಳೀತದ ನೀವೇ ನೋಡ್ರಿ. ಗಟ್ಟಿ ಆದಂಗ ವೇಗ ಇಳೀತದ, ಆದರ ಅಷ್ಟರಾಗ ಮ್ಯಾಲಿನ ಒಂದು ಇಂಚು ಒಣಗಿರ್ತದ. ಆ ಒಂದು ಇಂಚಿನ ಕೆಳಗೇ ನಿಮ್ಮ ಕಬ್ಬಿಣ ಅದ.

ಮರುದಿನ ಬೆಳಿಗ್ಗೆ ಬಂದು ಬದು ಕಟ್ಟೋದು ನಮ್ಮ ಕಡಿ ರೂಢಿ. ಅಷ್ಟೊತ್ತಿಗೆ ಕೆಟ್ಟದ್ದು ಕೆಟ್ಟಿರ್ತದ. ಆಮ್ಯಾಲ ಎರಡು ವಾರ ನೀರು ನಿಲ್ಲಿಸಿದ್ರೂ ಮೊದಲ ಸಂಜಿ ಬಿದ್ದ ಬಿರುಕು ಮುಚ್ಚಂಗಿಲ್ಲ.

ಹಂಗಾಗಿ ಕಾಂಕ್ರೀಟು ಹಾಕಿ, ಪಟ್ಟಿ ಎಳದು, ಮ್ಯಾಲಿನ ನೀರಿನ ಹೊಳಪು ಹೋದ ಕೂಡ್ಲೇ ದಪ್ಪ ಪ್ಲಾಸ್ಟಿಕ್ ಹಾಳಿ ಹೊಚ್ಚರಿ. ಅಂಚಿಗೆ ಇಟ್ಟಂಗಿ ಇಡ್ರಿ, ಗಾಳಿ ಒಳಗ ಹೋಗಬಾರದು. ಮರುದಿನ ಹಾಳಿ ಎತ್ತಿ ಒದ್ದಿ ಗೋಣಿ ತಟ್ಟು ಹಾಸಿ, ಅದರ ಮ್ಯಾಲ ಮತ್ತ ಹಾಳಿ. ಬಿಳಿ ಹಾಳಿ ಸಿಕ್ರ ಛಲೋ, ಕರೀದು ಬಿಸಿಲಿಗೆ ಕಾಯ್ತದ. ತಟ್ಟು ಒಣಗದಂಗ ಬೆಳಿಗ್ಗೆ ಸಂಜಿ ನೋಡಿ ಚುಮುಕಿಸಿದ್ರ ಆಯ್ತು. ಬದು ಕಟ್ಟಿದ್ರ ಎರಡು ಇಂಚು ನಿಲ್ಲಿಸಲಿಕ್ಕೇ 4600 ಲೀಟರ್ ಮ್ಯಾಲ ಬೇಕು, ದಿನಾ ಒಂದು ಸೆಂಟಿಮೀಟರ್ ಹಾರಿದ್ರ ಮತ್ತ ದಿನಕ್ಕ 930 ಲೀಟರ್. 14 ದಿನಕ್ಕ 5000 ಲೀಟರಿನ ಟ್ಯಾಂಕರ್ ಮೂರು ಸಾಲಂಗಿಲ್ಲ, ನಾಲ್ಕನೇದು ಬೇಕು. ಹಾಳಿ ತಟ್ಟು ಹಾಕಿದ್ರ ಒಂದರಾಗ ಮುಗಿಸಬಹುದು ಅಂತ ನನ್ನ ನಂಬಿಕಿ.

ದ್ರವದ ವಿಷಯ ಇಲ್ಲಿ ಬೀದರಿನ ಮೇಡಂ ಒಬ್ರು ಅದಾರ, ಅವರು ಅದರ ಮ್ಯಾಲೇ ಕೆಲಸ ಮಾಡ್ಯಾರ. ಅವರು ಬರೀಲಿ.

ಉತ್ತರ: ಬೀದರ್ ಎಂಟೆಕ್

ಸರ್ ಕರೆದದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ಪ್ರಾಜೆಕ್ಟು ಎರಡು ವಸ್ತುಗಳ ಮೇಲಿತ್ತು: ಸೆಲ್ಫ್ ಕ್ಯೂರಿಂಗಿಗೆ ಹಾಕುವ ಪಿಇಜಿ-400 ಎಂಬ ದ್ರವ ಮತ್ತು ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳ ಬಾಯ್ಲರಿನಿಂದ ಬರುವ ಕಬ್ಬಿನ ಸಿಪ್ಪೆ ಬೂದಿ.

ವ್ಯಾಪಾರಿ ತೋರಿಸಿದ್ದು ಬಹುಶಃ ಪಾಲಿಇಥಿಲೀನ್ ಗ್ಲೈಕಾಲ್ (ಅದೇ ಪಿಇಜಿ) ಅಥವಾ ಅದರ ಬಳಗದ್ದು. ಬಣ್ಣವಿಲ್ಲದ, ಸ್ವಲ್ಪ ಮಂದವಾದ ದ್ರವ, ನೀರಿನಲ್ಲಿ ಪೂರ್ತಿ ಕರಗುತ್ತದೆ. ಅದರ ಅಣುಗಳು ನೀರಿನ ಅಣುಗಳನ್ನು ಹಿಡಿದುಕೊಳ್ಳುವುದರಿಂದ ನೀರು ಆವಿಯಾಗುವುದು ನಿಧಾನವಾಗುತ್ತದೆ. ಅದು ನೀರನ್ನು ಹುಟ್ಟಿಸುವುದಿಲ್ಲ, ಇರುವುದನ್ನು ತಡೆದಿಡುತ್ತದೆ, ಅದೂ ಪೂರ್ತಿಯಾಗಿ ಅಲ್ಲ. ಸಾಮಾನ್ಯವಾಗಿ ಸಿಮೆಂಟಿನ ತೂಕದ ಶೇಕಡಾ 0.5ರಿಂದ 2ರವರೆಗೆ ಹಾಕಿ ನೋಡುತ್ತಾರೆ. ಶೇಕಡಾ 1 ಎಂದರೆ ಚೀಲಕ್ಕೆ ಅರ್ಧ ಕಿಲೋ. ನಿಮ್ಮ 75 ಚೀಲಕ್ಕೆ ಮೂವತ್ತೇಳು ಕಿಲೋ ದಾಟುತ್ತದೆ. ವ್ಯಾಪಾರಿ ಹೇಳುವ ದರಕ್ಕೆ ಗುಣಿಸಿ, ಪ್ಲಾಸ್ಟಿಕ್ ಹಾಳಿಯ ಬೆಲೆಯ ಪಕ್ಕದಲ್ಲಿ ಇಟ್ಟು ನೋಡಿ.

ಬಲ ಅಳೆಯಲು ಎರೆದ ನನ್ನ ಕಾಂಕ್ರೀಟ್ ಕ್ಯೂಬುಗಳಲ್ಲಿ ಕಂಡದ್ದು: ಬರೀ ಗಾಳಿಯಲ್ಲಿ ಬಿಟ್ಟವಕ್ಕಿಂತ ಪಿಇಜಿ ಹಾಕಿ ಗಾಳಿಯಲ್ಲಿಟ್ಟವು ಖಂಡಿತ ಚೆನ್ನಾಗಿದ್ದವು. ನೀರಿನ ತೊಟ್ಟಿಯಲ್ಲಿಟ್ಟವುಗಳ ಹತ್ತಿರ ಬಂದವು, ದಾಟಲಿಲ್ಲ. ಪ್ರಮಾಣ ಹೆಚ್ಚಿಸುತ್ತ ಹೋದಾಗ ಒಂದು ಹಂತದ ನಂತರ ಬಲ ಇಳಿಯಿತು. ಆದರೆ ನಾನು ಇದನ್ನು ಲ್ಯಾಬಿನ ನೆರಳಿನಲ್ಲಿ ಮಾಡಿದ್ದು. ಕ್ಯೂಬಿಗೂ ಸ್ಲ್ಯಾಬಿಗೂ ದೊಡ್ಡ ವ್ಯತ್ಯಾಸವಿದೆ. ಸ್ಲ್ಯಾಬಿನಲ್ಲಿ ಒಂದೇ ಮುಖ ಇಡೀ ದಿನ ಸೂರ್ಯನಿಗೆ ತೆರೆದಿರುತ್ತದೆ. ಅದಕ್ಕಾಗಿ "ಒಂದು ಹನಿ ನೀರೂ ಬೇಡ" ಎಂಬ ಮಾತನ್ನು ನಾನು ಯಾರಿಗೂ ಹೇಳಲಾರೆ.

ಇಲ್ಲಿ ಸರ್ ಅವರೊಡನೆ ನನ್ನದೊಂದು ಸಣ್ಣ ಭಿನ್ನಾಭಿಪ್ರಾಯ ಇದೆ. ಸ್ಲ್ಯಾಬಿಗೆ ಹಾಳಿ ಹೊದಿಸಬಹುದು. ಕಾಲಮ್ಮಿಗೆ? ಎತ್ತರದ ಗೋಡೆಗೆ? ಅಲ್ಲಿ ತಟ್ಟು ಸುತ್ತಿದರೂ ಎರಡನೇ ದಿನಕ್ಕೆ ಜಾರಿ ಬಿದ್ದಿರುತ್ತದೆ, ನೀರು ಹೊಡೆದರೆ ಅರೆಗಳಿಗೆಯಲ್ಲಿ ಕೆಳಗೆ ಇಳಿದಿರುತ್ತದೆ. ನಮ್ಮ ಮನೆಗಳಲ್ಲಿ ಕ್ಯೂರಿಂಗಿಲ್ಲದೆ ಹೆಚ್ಚು ಸೊರಗುವುದು ಕಾಲಮ್ಮುಗಳೇ. ಅಂಥ ಕಡೆ ಪಿಇಜಿಗೆ ಸ್ಥಾನವಿದೆ ಎಂದು ನನಗೆ ಅನ್ನಿಸುತ್ತದೆ. ಮೊದಲು ಅದೇ ಸಿಮೆಂಟು, ಅದೇ ಉಸುಕಿನಲ್ಲಿ ಕ್ಯೂಬ್ ಮಾಡಿ ನೋಡಿರಬೇಕು.

ಕಬ್ಬಿನ ಸಿಪ್ಪೆ ಬೂದಿಯ ಬಗ್ಗೆ ಬಹಳ ಜನ ಕೇಳುತ್ತಾರೆ, ಬೀದರಿನಲ್ಲಿ ಕಬ್ಬು ಇರುವುದರಿಂದ. ಹಾರುಬೂದಿಯಂತೆ ಸುಣ್ಣದೊಡನೆ ಕೂಡಬಲ್ಲ ಸಿಲಿಕಾ ಅದರಲ್ಲಿ ಇದೆ ಎಂಬುದು ನಿಜ. ಆದರೆ ಬಾಯ್ಲರಿನಲ್ಲಿ ಉರಿ ಒಂದೇ ಹದದಲ್ಲಿ ಇರುವುದಿಲ್ಲ. ಕಮ್ಮಿ ಸುಟ್ಟರೆ ಕರಿ ಇಂಗಾಲ ಉಳಿಯುತ್ತದೆ, ಅತಿಯಾಗಿ ಸುಟ್ಟರೆ ಸಿಲಿಕಾ ಹರಳುಗಟ್ಟಿ ಜಡವಾಗುತ್ತದೆ. ಮತ್ತೆ ಹದವಾಗಿ ಸುಟ್ಟು, ನುಣ್ಣಗೆ ಅರೆದು, ಜರಡಿ ಹಿಡಿದ ಮೇಲೆಯೇ ಅದು ಉಪಯೋಗಕ್ಕೆ ಬರುತ್ತದೆ. ಐಎಸ್ 456:2000 ಹಾರುಬೂದಿ, ಸಿಲಿಕಾ ಫ್ಯೂಮ್ (ಸಿಲಿಕಾನ್ ಕಾರ್ಖಾನೆಯ ಅತಿ ನುಣ್ಣನೆ ಪುಡಿ), ಭತ್ತದ ಹೊಟ್ಟಿನ ಬೂದಿ, ಮೆಟಾಕೆಯೊಲಿನ್ (ಸುಟ್ಟ ಬಿಳಿ ಜೇಡಿಮಣ್ಣು), ಸ್ಲ್ಯಾಗ್ ಇವನ್ನು ಹೆಸರಿಸುತ್ತದೆ, ಕಬ್ಬಿನ ಸಿಪ್ಪೆ ಬೂದಿಯನ್ನು ಹೆಸರಿಸಿಲ್ಲ. ಇದರ ಮೇಲೆ ಇನ್ನೂ ಕೆಲಸ ಆಗಬೇಕು, ಆಗಲಿ ಎಂಬುದು ನನ್ನ ಆಸೆ. ಆದರೆ ಯಾರದೋ ಮನೆಯ ಸ್ಲ್ಯಾಬಿನಲ್ಲಿ ಅಲ್ಲ.

ಉತ್ತರ: ಶಹಾಪುರ ಗೌಂಡಿ

ಅಣ್ಣಾರ, ನಾ ಓದಿದಾಂವ ಅಲ್ಲ, ಕೆಲಸದ ಮಾತು ಹೇಳ್ತೀನಿ. ಬ್ಯಾಸಿಗ್ಯಾಗ ಸ್ಲ್ಯಾಬ್ ಬೆಳಿಗ್ಗೆ ಶುರು ಮಾಡಬ್ಯಾಡ್ರಿ. ಹೊತ್ತು ಇಳದ ಮ್ಯಾಲ ಶುರು ಮಾಡಿ ರಾತ್ರಿ ಮುಗಸ್ರಿ, ಲೈಟ್ ಕಟ್ಟಿಸಿಕೊಳ್ರಿ. ಖಡಿ ರಾಶಿ ಇಡೀ ದಿನ ಬಿಸಿಲಾಗ ಕಾದು ಕೈ ಇಡಲಿಕ್ಕೆ ಆಗಂಗಿಲ್ಲ, ಅದನ್ನ ಹಂಗೇ ಮಿಕ್ಸರಿಗೆ ಹಾಕಿದ್ರ ಕಾಂಕ್ರೀಟು ಪುಟ್ಟ್ಯಾಗೇ ಬಿಗೀತದ. ಆಗ ಹುಡುಗರು ನೀರು ಸುರೀತಾರ. ಖಡಿಗೆ ಮಧ್ಯಾಹ್ನದಿಂದ ತಾಡಪತ್ರಿ ನೆರಳು ಮಾಡಿ, ಸಂಜಿಗೆ ನೀರು ಚುಮುಕಿಸಿ ತಣ್ಣಗ ಮಾಡ್ರಿ. ಸೆಂಟ್ರಿಂಗ್ ತಗಡಿಗೂ, ಕಬ್ಬಿಣಕ್ಕೂ ನೀರು ಚುಮುಕಿಸಬೇಕು, ನಿಂತ ನೀರು ಇರಬಾರದು.

ನೀರು ಅಳತಿ ಡಬ್ಬಿಲೆ ಹಾಕಸ್ರಿ, ಪೈಪಿಲೆ ಬ್ಯಾಡ. ಇದೊಂದು ಮಾಡಿದ್ರ ಅರ್ಧ ಗೆದ್ದಂಗ.

ಟ್ಯಾಂಕರ್ ನೀರು ಬಾಯಾಗ ಹಾಕಿ ನೋಡ್ರಿ. ಉಪ್ಪು ಹತ್ತಿದ್ರ ಅದು ಬ್ಯಾಡ. ನಮ್ಮ ಕಡಿ ಕೆಲವು ಬೋರಿನ ನೀರು ಹಾಕಿದ್ರ ಸ್ಲ್ಯಾಬಿನ ಮ್ಯಾಲ ಬೆಳ್ಳಗ ಪುಡಿ ಏಳ್ತದ.

ಮರು ಪ್ರಶ್ನೆ: ಜೇವರ್ಗಿ ಗುತ್ತಿಗೆದಾರ

ಎಲ್ಲರಿಗೂ ಭಾಳ ಉಪಕಾರ ಆಯ್ತು. ಬೂದಿ ವಿಚಾರ ಬಿಟ್ಟೆ. ದ್ರವನೂ ಸ್ಲ್ಯಾಬಿಗೆ ಬ್ಯಾಡ ಅಂತ ಮಾಲೀಕರಿಗೆ ಹೇಳೀನಿ. ಹಾಳಿ, ತಟ್ಟು, ರಾತ್ರಿ ಕೆಲಸ, ಇಷ್ಟಕ್ಕ ಅವರು ಒಪ್ಯಾರ.

ನಮ್ಮ ಅಳಿಯ ಮಾತ್ರ ಬಿಡವಲ್ಲ. ಅವ ಕೇಳೋದು, ಹಂಗಾದ್ರ ಕಾರ್ಖಾನಿ ಬೂದಿ, ಸ್ಲ್ಯಾಗ್ ಹಾಕಿ ಸೆಲ್ಫ್ ಕ್ಯೂರಿಂಗ್ ಸುಧಾರಿಸ್ತದ ಅಂತ ಅಷ್ಟು ಜನ ಬರದದ್ದು ಯಾವ ಕೆಲಸಕ್ಕ? ಅವನ ಕಡೀ ವರ್ಷದ ಪ್ರಾಜೆಕ್ಟು ಇದೇ ಮಾಡಬೇಕಂತಾನ. ಸರ್, ಅವನಿಗೆ ಒಂದು ದಾರಿ ತೋರಸ್ರಿ. ಮತ್ತ ಇನ್ನೊಂದು, ಸೆಂಟ್ರಿಂಗ್ ಎಷ್ಟು ದಿನಕ್ಕ ಬಿಚ್ಚಬೇಕು?

ಉತ್ತರ: ಕ್ಯೂಬ್ ಲ್ಯಾಬ್, ಕಲಬುರಗಿ

ಮೊದಲು ಸೆಂಟ್ರಿಂಗ್. 4.5 ಮೀಟರ್ ತನಕದ ಸ್ಲ್ಯಾಬಿಗೆ ಕೆಳಗಿನ ಆಧಾರ 7 ದಿನ ಅಂತ ಕೋಡಿನಾಗ ಅದ, ಅದು ಸಾದಾ ಓಪಿಸಿಗೆ. ನಿಮ್ಮದು ಪಿಪಿಸಿ, ಮೊದಲ ವಾರದಾಗ ಬಲ ನಿಧಾನ ಬರ್ತದ. 14 ದಿನ ಬಿಡ್ರಿ. ಬಾಡಿಗಿ ಉಳಸಲಿಕ್ಕೆ ಹೋಗಿ ಜೀವಕ್ಕ ಕುತ್ತು ತರಬ್ಯಾಡ್ರಿ.

ಮೇಡಂ ಕಾಲಮ್ಮಿನ ಮಾತು ಹೇಳಿದ್ರು, ಅದನ್ನ ನಾನು ಒಪ್ಪತೀನಿ. ಯಾದಗಿರಿ ಕಡಿ ನಾರಾಯಣಪುರ ಎಡದಂಡಿ ಕಾಲುವಿ ಸೀಮ್ಯಾಗ ಓಡಾಡಿದವರಿಗೆ ಗೊತ್ತದ, ಕಾಲುವಿ ಇಳಿಜಾರಿಗೆ ಹಾಕೋ ಕಾಂಕ್ರೀಟ್ ಲೈನಿಂಗಿಗೂ ಇದೇ ತೊಂದ್ರಿ. ನೀರು ನಿಲ್ಲಂಗಿಲ್ಲ, ತಟ್ಟು ಗಾಳಿಗೆ ಹಾರ್ತದ. ಅಂಥ ಕಡಿ ಬಿಳಿ ಬಣ್ಣದ ಮೇಣದ ಕ್ಯೂರಿಂಗ್ ಕಾಂಪೌಂಡ್ ಸಿಂಪಡಿಸಬೇಕು, ಹೊಳಪು ಹೋದ ಕೂಡ್ಲೇ. ಕಾಂಕ್ರೀಟು ತೆಳ್ಳಗಿದ್ದಷ್ಟು ಒಣಗೋದು ಜಲ್ದಿ. ಬಿಸಿಲಾಗ ಹಾಕಿ ಹಂಗೇ ಬಿಟ್ಟ ಲೈನಿಂಗು ನಾನು ಕೈಲೆ ಉಜ್ಜಿ ನೋಡೀನಿ, ಮ್ಯಾಲಿನ ಪದರು ಪುಡಿ ಪುಡಿ ಬರ್ತದ. ರೈತರ ಹೊಲಕ್ಕ ಹೋಗೋ ನೀರು ನಡುವೇ ಇಂಗಿ ಹೋಗೋದು ಇಂಥ ಕಡೀನೇ.

ಈಗ ಅಳಿಯನ ಪ್ರಶ್ನಾ. ತಮ್ಮಾ, ನಿನಗೇ ಬರೀತೀನಿ.

ನೀನು ಓದಿದ ಸೆಲ್ಫ್ ಕ್ಯೂರಿಂಗ್ ಹುಟ್ಟಿದ್ದು ಕಡಿಮಿ ನೀರಿನ, ಹೆಚ್ಚು ಬಲದ ಕಾಂಕ್ರೀಟಿಗೆ. ನೀರು-ಸಿಮೆಂಟ್ ಪ್ರಮಾಣ 0.42ಕ್ಕಿಂತ ಕೆಳಗ ಇಳೀತು ಅಂದ್ರ ಕಲಸಿದ ನೀರು ಪೂರಾ ಸಾಲಂಗಿಲ್ಲ. ಸಿಮೆಂಟು ಒಳಗಿನ ನೀರು ಕುಡದು, ಹೊರಗ ಒಂದು ಹನಿ ಹಾರದಿದ್ರೂ ಒಳಗೇ ಒಣಗ್ತದ, ಕುಗ್ತದ, ಬಿರಿತದ. ಇಂಥ ಕಾಂಕ್ರೀಟು ಎಷ್ಟು ಬಿಗಿ ಇರ್ತದ ಅಂದ್ರ ಮ್ಯಾಲ ನಿಲ್ಲಿಸಿದ ನೀರು ಕೆಲವು ಮಿಲಿಮೀಟರ್ ಒಳಗ ಹೋದ್ರೆ ಹೆಚ್ಚು. ಅದಕ್ಕ 1991ರಾಗ ರಾಬರ್ಟ್ ಫಿಲಿಯೊ ಅನ್ನೋರು ಒಂದು ವಿಚಾರ ಮುಂದಿಟ್ಟರು: ನೀರು ಕುಡದ ಹಗುರ ಕಲ್ಲನ್ನ ಕಾಂಕ್ರೀಟಿನೊಳಗೇ ಹಾಕಿಬಿಡೋಣು, ಸಿಮೆಂಟಿಗೆ ನೀರಡಿಕಿ ಆದಾಗ ಅದರಿಂದ ಎಳಕೊಳ್ಳಲಿ. 2001ರಾಗ ಡೆನ್ಮಾರ್ಕಿನ ಜೆನ್ಸನ್ ಮತ್ತು ಹ್ಯಾನ್ಸನ್ ಅದೇ ಕೆಲಸಕ್ಕ ನೀರು ಹೀರೋ ಪಾಲಿಮರ್ ಹರಳು ತಂದರು. ಮೇಡಂ ಹೇಳಿದ ಪಿಇಜಿದು ಬ್ಯಾರೆ ದಾರಿ, ಅದು ನೀರು ಹಾರೋದನ್ನ ತಡೀತದ, ಒಳಗಿನಿಂದ ಹೊಸ ನೀರು ಕೊಡಂಗಿಲ್ಲ.

ಬೂದಿ, ಸ್ಲ್ಯಾಗಿನಂಥ ಕಾರ್ಖಾನಿ ಉಪ ಉತ್ಪನ್ನ ಇಲ್ಲಿ ಎರಡು ಪಾತ್ರ ಮಾಡ್ತದ. ಇದನ್ನ ಬಿಡಿಸಿ ನೋಡದೆ ಬರದ ವರದಿ ನಾನು ಭಾಳ ಓದೀನಿ, ಅದಕ್ಕ ಒತ್ತಿ ಹೇಳ್ತೀನಿ. ಒಂದು ಕಡಿ ಹಾರುಬೂದಿ, ಸ್ಲ್ಯಾಗ್, ಸಿಲಿಕಾ ಫ್ಯೂಮ್ ಇವು ನೀರು ಬೇಡೋ ವಸ್ತು. ಇನ್ನೊಂದು ಕಡಿ ಅದೇ ಉಷ್ಣ ಸ್ಥಾವರದ ಬಾಯ್ಲರಿನ ತಳಕ್ಕ ಬೀಳೋ ಬಾಟಮ್ ಆಶ್ ನೀರು ಕೊಡೋ ವಸ್ತು. ಕಲ್ಲಿದ್ದಲು ಸುಟ್ಟಾಗ ಬರೋ ಬೂದ್ಯಾಗ ಹೆಚ್ಚು ಕಡಿಮಿ ಐದರಾಗ ನಾಲ್ಕು ಪಾಲು ಹೊಗಿ ಜೋಡಿ ಹಾರ್ತದ, ಉಳದ ಒಂದು ಪಾಲು ಉಂಡಿಗಟ್ಟಿ ತಳಕ್ಕ ಬೀಳ್ತದ. ಆ ಕಾಳು ಉಸುಕಿನಷ್ಟು ದಪ್ಪ, ಒಳಗೆಲ್ಲಾ ರಂಧ್ರ, ಸ್ಪಂಜಿನಂಗ ನೀರು ಹಿಡೀತದ. ಹಾರುಬೂದಿಗೆ ಸಿಮೆಂಟ್ ಕಾರ್ಖಾನಿ ಗಿರಾಕಿ ಅದಾವ. ತಳದ ಬೂದಿಗೆ ಗಿರಾಕಿ ಕಡಿಮಿ, ಹೊಂಡಕ್ಕ ಹೋಗಿ ಬೀಳ್ತದ. ಬೇಡೋದಕ್ಕೂ ಕೊಡೋದಕ್ಕೂ ಜೋಡಿ ಕಟ್ಟಿದ್ರ ಅದು ಖರೇ ಪ್ರಾಜೆಕ್ಟು.

ಎಷ್ಟು ನೀರು ಬೇಕು ಅನ್ನೋದಕ್ಕ ಅಮೆರಿಕದ ಅಳತಿ-ಮಾನಕ ಸಂಸ್ಥಾ ಎನ್‌ಐಎಸ್‌ಟಿಯಾಗಿದ್ದ ಡೇಲ್ ಬೆಂಟ್ಜ್ ಒಂದು ಸರಳ ಲೆಕ್ಕ ಕೊಟ್ಟಾರ. ಒಂದು ಗ್ರಾಂ ಸಿಮೆಂಟು ಪೂರಾ ಕೂಡಿದಾಗ ಸುಮಾರು 0.07 ಮಿಲಿಲೀಟರ್ ಖಾಲಿ ಜಾಗ ಹುಟ್ಟತದ, ಅಷ್ಟು ನೀರು ತುಂಬಬೇಕು. ಘನ ಮೀಟರಿಗೆ 400 ಕಿಲೋ ಸಿಮೆಂಟು ಅಂದ್ರ 28 ಲೀಟರ್. ಸ್ಲ್ಯಾಗಿಗೆ ಅದೇ ಅಂಕಿ 0.18ರ ಆಸುಪಾಸು, ಸಿಲಿಕಾ ಫ್ಯೂಮಿಗೆ 0.22. 400ರಾಗ ಅರ್ಧ ಸ್ಲ್ಯಾಗ್ ಮಾಡಿದಿ, ಅದೆಲ್ಲಾ ಕೂಡತದ ಅಂತ ಹಿಡದಿ ಅಂದ್ರ 28 ಇದ್ದದ್ದು 50 ಲೀಟರಿಗೆ ಏರ್ತದ. ಕೋಡು 14 ದಿನ ಕೇಳೋದರ ಹಿಂದಿನ ಲೆಕ್ಕ ಇದೇ ದಿಕ್ಕಿನಾಗ ಅದ.

ಈಗ ನಿನ್ನ ತಳದ ಬೂದಿ ತನ್ನ ತೂಕದ ಶೇಕಡಾ 15ರಷ್ಟು ನೀರು ಹಿಡದು ವಾಪಸ್ ಕೊಡ್ತದ ಅಂತ ಪರೀಕ್ಷಾದಾಗ ಬಂತು ಅಂತ ಇಟ್ಟುಕೋ. 28 ಲೀಟರಿಗೆ ಹತ್ತಿರ ಹತ್ತಿರ 187 ಕಿಲೋ ಒಣ ಬೂದಿ ಬೇಕು, ಅಷ್ಟು ಉಸುಕು ಜಾಗ ಬಿಡಬೇಕು, ತೂಕದಿಂದ ಅಲ್ಲ, ಗಾತ್ರದಿಂದ. ಹಿಡದರೆ ಸಾಲದು, ಕೊಡಬೇಕು. ಹಗುರ ಕಲ್ಲಿಗೆ ಇರೋ ಅಮೆರಿಕದ ಮಾನಕ ಎಎಸ್‌ಟಿಎಂ ಸಿ1761 ಅದನ್ನೇ ಕೇಳ್ತದ: 72 ತಾಸಿನಾಗ ಕಡಿಮಿ ಅಂದ್ರ ಶೇಕಡಾ 5 ನೀರು ಕುಡೀಬೇಕು, ಗಾಳಿಯ ತೇವ ಶೇಕಡಾ 94 ಇದ್ದಾಗ ಕುಡದದ್ದರಾಗ 85 ಪಾಲು ಬಿಟ್ಟುಕೊಡಬೇಕು. ನಿನ್ನ ಬೂದಿ ಇದನ್ನ ದಾಟತದೋ ಇಲ್ಲೋ ಅನ್ನೋದು ಮೊದಲ ಅಧ್ಯಾಯ ಆಗಲಿ. ಶಕ್ತಿನಗರದ್ದು ಬ್ಯಾರೆ, ಯರಮರಸಿನ ಉಷ್ಣ ಸ್ಥಾವರದ್ದು ಬ್ಯಾರೆ, ಕಲ್ಲಿದ್ದಲು ಬದಲಾದಂಗ ಬೂದಿ ಬದಲಾಗ್ತದ.

ಎಲ್ಲಿ ಹಾಕಬೇಕು? ಕಬ್ಬಿಣ ಇರೋ ಕಡಿ ಬ್ಯಾಡ. ತಳದ ಬೂದ್ಯಾಗ ಸುಡದ ಕಲ್ಲಿದ್ದಲು, ಸಲ್ಫೇಟು ಇರಬಹುದು, ಅದನ್ನ ಪೂರಾ ತಿಳಕೊಳ್ಳದೆ ಕಬ್ಬಿಣದ ಹತ್ರ ಇಡಬಾರದು. ಫುಟ್‌ಪಾತಿನ ಪೇವರ್ ತಗೋ, ಕಾಂಪೌಂಡಿನ ಬ್ಲಾಕ್ ತಗೋ. ಪೇವರಿನಾಗ ನೀರು ಕಡಿಮಿ, ಬಲ ಹೆಚ್ಚು, ಕಬ್ಬಿಣ ಇಲ್ಲ, ಸೆಲ್ಫ್ ಕ್ಯೂರಿಂಗಿಗೆ ಹೇಳಿ ಮಾಡಿಸಿದ್ದು. ಕಲಬುರಗಿ ಸುತ್ತ ಬ್ಲಾಕ್ ಮಾಡೋ ಅಂಗಳದಾಗ ಹೋಗಿ ನೋಡು, ಬಿಸಿಲಾಗ ಸಾಲು ಹಚ್ಚಿ, ನೀರು ಇದ್ದ ದಿನ ಹೊಡೀತಾರ, ಇಲ್ಲದ ದಿನ ಬಿಡ್ತಾರ. ನಿನ್ನ ಕೆಲಸ ಅವರಿಗೆ ನೇರ ಉಪಯೋಗ ಆಗ್ತದ. ವಾಡಿ, ಸೇಡಂ, ಮಳಖೇಡ ಅಂತ ಇಷ್ಟು ಸಿಮೆಂಟು ನಮ್ಮ ಸುಣ್ಣಕಲ್ಲಿನಿಂದಲೇ ಹೋಗ್ತದ. ಅದನ್ನ ಒಣ ಹವಾದಾಗ ಛಲೋ ಬಳಸೋ ವಿದ್ಯಾನೂ ಇಲ್ಲೇ ಬೆಳೀಬೇಕು ಅಂತ ನನಗ ಭಾಳ ದಿನದ ಆಸೆ ಅದ.

ಕ್ಯೂಬ್ ಮಾಡೋವಾಗ ಮೂರು ಗುಂಪು ಮಾಡು. ಒಂದು ತೊಟ್ಟ್ಯಾಗ, ಒಂದು ಬರೀ ಮಾಳಗಿ ಮ್ಯಾಲ ಬಿಸಿಲಾಗ, ಒಂದು ತೊಯಿಸಿದ ತಳದ ಬೂದಿ ಹಾಕಿ ಅದೇ ಬಿಸಿಲಾಗ. ಲ್ಯಾಬಿನ ನೆರಳಾಗ ಇಟ್ಟು ಮುಗಸಬ್ಯಾಡ. ಪ್ರತಿ ವಯಸ್ಸಿಗೆ ಮೂರು ಮೂರು, 7, 28, 56 ದಿನ. ಬೂದಿ, ಸ್ಲ್ಯಾಗ್ ಇದ್ದ ಮ್ಯಾಲ 28ಕ್ಕ ತೀರ್ಪು ಕೊಡಬಾರದು. ಬಲದ ಜೋಡಿ ಮ್ಯಾಲಿನ ಪದರು ಎಷ್ಟು ನೀರು ಹೀರತದ ಅನ್ನೋದೂ ಅಳೀ, ಯಾಕಂದ್ರ ಕ್ಯೂರಿಂಗ್ ಕೆಟ್ಟಿದ್ದು ಮೊದಲು ಕಾಣೋದು ಅಲ್ಲೇ. ಬೂದಿ 24 ತಾಸು ನೆನಸಿ, ಬಸದು, ಮ್ಯಾಲಿನ ನೀರು ಒರಸಿ ತೂಗು. ಹಸಿ ಹಸಿ ಹಾಕಿದಿ ಅಂದ್ರ ಅದು ಕಲಸೋ ನೀರಾಗ ಸೇರಿ ಇಡೀ ಲೆಕ್ಕ ತಪ್ಪತದ.

ಶಿಫಾರಸು ಬೇಕಾಗಿಲ್ಲ, ನಿಮ್ಮ ಕಾಲೇಜಿನ ಪತ್ರ ತಗೊಂಡು ಬಾ, ಕ್ಯೂಬ್ ಒಡಿಯೋ ಮಷೀನಿಗೆ ನಾನು ದಿನ ಗೊತ್ತು ಮಾಡಿ ಕೊಡ್ತೀನಿ. 56ನೇ ದಿನದ ಅಂಕಿ ಬಂದ ಮ್ಯಾಲ ಇಲ್ಲೇ ಹಾಕು, ಸಿಮೆಂಟ್ ಚೀಲ ತಯಾರಾದ ವಾರ, ಉಸುಕಿನ ಒದ್ದಿ ಎಷ್ಟಿತ್ತು, ಆ ದಿನಗಳ ಬಿಸಿಲು ಎಷ್ಟಿತ್ತು, ಅದನ್ನೂ ಬರೀ.